‘ಯೂ’ ಅಂದರೆ ನೀನೋ, ನೀವೋ? ಅಮ್ಮನ ಜೊತೆ ನೋಡಿದ ಸಿನಿಮಾಗಳು

ಡಿಸೆಂಬರ್‌ನಲ್ಲಿ ಅಮ್ಮ ಅರಕಲಗೂಡಿನ ಕಡೆಯ ನಮ್ಮೂರಿಂದ ಬೆಂಗಳೂರಿಗೆ ಬಂದು ಒಂದು ತಿಂಗಳು ನನ್ನ ಮನೆಯಲ್ಲಿ ಇದ್ದಳು. ಆಗಷ್ಟೇ ನಾನು ಬೇರೆ ಬೇರೆ ದೇಶಗಳ ಕಲಾತ್ಮಕ ಸಿನಿಮಾ ತೋರಿಸುವ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆ. ರಾತ್ರಿ ಊಟ ಆದಮೇಲೆ ಟೀವಿ ಹಾಕಿಕೊಂಡು ಕೂತರೆ ಅಮ್ಮನೂ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಅಮ್ಮ ಓದಿರೋದು ಏಳನೇ ಕ್ಲಾಸು. ಕನ್ನಡ ಪೇಪರ್ ಮೊದಲ ಪುಟದಿಂದ ಕೊನೇ ಪುಟದವರೆಗೂ ಬಿಡದೆ ಓದುತ್ತಾಳೆ, ಇಂಗ್ಲಿಷ್ ಬರಲ್ಲ. ನಾನು ನೋಡಿದ ಸಿನಿಮಾಗಳಿಗೆಲ್ಲ ಸಬ್‌ಟೈಟಲ್ ಇದ್ದದ್ದು ಇಂಗ್ಲಿಷಿನಲ್ಲಿ. ಹಾಗಾಗಿ ಮೊದಲ ದಿನವೇ ನಾನು ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಲ್ಲಿಂದ ಪ್ರತಿ ಸಿನಿಮಾಕ್ಕೂ ಹಾಗೇ ಆಯಿತು.

ಹದಿನೈದು ವರ್ಷದಿಂದ ಇಂಥ ಸಿನಿಮಾ ನೋಡುತ್ತಾ ಬಂದಿದ್ದೇನೆ. ಆದರೆ ಈ ಒಂದು ತಿಂಗಳಲ್ಲಿ ಗೊತ್ತಾದ ಒಂದು ವಿಷಯ ಇಷ್ಟು ವರ್ಷ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೋಡಿದ್ದು ಇರಾನಿನ ಅಬ್ಬಾಸ್ ಕಿಯರೊಸ್ತಮಿ ಅವರ ‘ಗೆಳೆಯನ ಮನೆ ಎಲ್ಲಿದೆ?’. 1987ರ ಸಿನಿಮಾ. ಒಂದೂವರೆ ಗಂಟೆಯೂ ಇಲ್ಲ. ಕತೆ ಇಷ್ಟೇ. ಕೋಕರ್ ಅನ್ನೋ ಹಳ್ಳಿಯ ಹುಡುಗ ಅಹ್ಮದ್, ಒಂದೇ ಥರದ ರಟ್ಟು ಇರೋದರಿಂದ ಗೆಳೆಯನ ನೋಟ್‌ಬುಕ್ಕನ್ನು ತಪ್ಪಿ ತನ್ನ ಜೊತೆ ತಂದುಬಿಟ್ಟಿರುತ್ತಾನೆ. ಆ ಗೆಳೆಯ ಹೋಂವರ್ಕನ್ನು ಬಿಡಿ ಹಾಳೆಯಲ್ಲಿ ಬರೆದು ತಂದಿದ್ದಕ್ಕೆ ಮೇಷ್ಟ್ರು ಅದನ್ನು ಹರಿದು ಹಾಕಿ, ಇನ್ನೊಂದು ಸಲ ಹೀಗಾದರೆ ಸ್ಕೂಲಿಂದಲೇ ಹೊರಗೆ ಅಂತ ಹೇಳಿರುತ್ತಾರೆ. ಗೆಳೆಯನ ಮನೆ ಪಕ್ಕದ ಹಳ್ಳಿ ಪೋಷ್ತೆಯಲ್ಲಿ. ಮನೆ ಯಾವುದು ಅಂತ ಗೊತ್ತಿಲ್ಲ. ನೋಟ್‌ಬುಕ್ ಕೊಟ್ಟು ಬರಲೇಬೇಕು.

ಅಹ್ಮದ್ ತಾಯಿಗೆ ವಿಷಯ ಹೇಳೋಕೆ ಹೋಗುತ್ತಾನೆ. ಅವಳು ಬಟ್ಟೆ ಒಗೆಯುತ್ತಾ, ಮಗುವನ್ನು ತೂಗು ಅಂತಾಳೆ, ಬಿಸಿನೀರು ತಾ ಅಂತಾಳೆ, ಮೊದಲು ಹೋಂವರ್ಕ್ ಮಾಡು ಅಂತಾಳೆ, ಬ್ರೆಡ್ ತಾ ಅಂತಾಳೆ. ಅವನು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ. ಅವಳ ಕಿವಿಗೆ ಅದು ಹೋಗುವುದೇ ಇಲ್ಲ. ಕೂತು ಕೇಳಿಸಿಕೊಳ್ಳುವವರಿಗೆ ಕನ್ನಡ ಮಾಡಿ ಹೇಳೋಕೆ ಇದಕ್ಕಿಂತ ಒಳ್ಳೆ ಸಿನಿಮಾ ಇಲ್ಲ. ಮಾತು ಸಣ್ಣದು, ಮತ್ತೆ ಮತ್ತೆ ಬರುತ್ತದೆ. ಹತ್ತು ನಿಮಿಷದಲ್ಲಿ ಅಮ್ಮ ನನಗಿಂತ ಮುಂಚೆ ತಾನೇ ಹೇಳತೊಡಗಿದಳು. ‘ಮೊದ್ಲು ಹೋಂವರ್ಕ್ ಮಾಡು ಅಂತಾಳೆ ನೋಡು ಈಗ.’ ಹಾಗೇ ಬಂತು.

ವಿಷಯ ಶುರುವಾದದ್ದು ಆಮೇಲೆ. ಸಂಜೆಯಾಗಿದೆ. ಪೋಷ್ತೆಯಲ್ಲಿ ಒಬ್ಬ ಮುದುಕ, ಬಹಳ ಕಾಲದಿಂದ ಮರದ ಬಾಗಿಲು ಮಾಡಿಕೊಂಡು ಬಂದವನು, ನಾನು ಮನೆ ತೋರಿಸುತ್ತೇನೆ ಬಾ ಅಂತ ಹುಡುಗನ ಜೊತೆ ಹೊರಡುತ್ತಾನೆ. ಆದರೆ ಅವನಿಗೆ ಬೇಗ ನಡೆಯೋಕೆ ಆಗಲ್ಲ. ದಾರಿಯುದ್ದಕ್ಕೂ ತಾನು ಮಾಡಿದ ಬಾಗಿಲು, ಕಿಟಕಿ ತೋರಿಸುತ್ತಾ, ಈಗಿನವರೆಲ್ಲ ಕಬ್ಬಿಣದ ಬಾಗಿಲು ಹಾಕಿಸುತ್ತಿದ್ದಾರೆ ಅಂತ ಹೇಳುತ್ತಾ ನಿಧಾನ ನಡೆಯುತ್ತಾನೆ. ಕತ್ತಲಾಗುತ್ತಿದೆ. ಹುಡುಗನಿಗೆ ಹೆದರಿಕೆ. ಬೇಗ ನಡೆಯೋಕೆ ಹೇಳುತ್ತಾನೆ. ನಾನು ಸಬ್‌ಟೈಟಲ್ ನೋಡಿ ‘ತಾತ, ಬೇಗ ಬಾ’ ಅಂದೆ.

‘ಬಾ ಅಂತಾನಾ?’ ಅಂದಳು ಅಮ್ಮ. ‘ಗುರುತಿಲ್ಲದ ತಾತಂಗೆ ಬನ್ನಿ ಅಂತಾನೆ ಕಣೇ ಆ ಹುಡುಗ. ಅವನ ಮುಖ ನೋಡು.’

ನಾನು ಪಾಜ್ ಒತ್ತಿದೆ. ಅಮ್ಮ ಹೇಳಿದ್ದು ನಿಜ ಅಲ್ವಾ ಅನ್ನಿಸಿತು. ಪರದೆ ಮೇಲೆ ಇರೋದು ಬರೀ ‘ಯೂ’. ಇಂಗ್ಲಿಷಿಗೆ ನೀನೂ ಒಂದೇ, ನೀವೂ ಒಂದೇ. ಆದರೆ ಆ ಸಿನಿಮಾದ ಭಾಷೆ ಪಾರ್ಸಿಯಲ್ಲಿ ನಮ್ಮ ಹಾಗೇ ಎರಡು ಪದ ಇದೆ. ‘ತೊ’ ಅಂದರೆ ನೀನು, ‘ಶೊಮಾ’ ಅಂದರೆ ನೀವು. ಅಂದರೆ ಆ ಹುಡುಗ ಇವೆರಡರಲ್ಲಿ ಯಾವುದನ್ನು ಯಾರಿಗೆ ಹೇಳಿದ ಅನ್ನೋದು ಕಿಯರೊಸ್ತಮಿಯ ಸಿನಿಮಾದಲ್ಲಿ ಇದೆ. ಇಂಗ್ಲಿಷ್ ಅದನ್ನು ದಾರಿಯಲ್ಲಿ ಬೀಳಿಸಿಕೊಂಡು ಬಂದಿದೆ. ಕನ್ನಡಕ್ಕೆ ತರುವಾಗ ಅದನ್ನು ನಾನು ಮತ್ತೆ ಹುಡುಕಿ ಇಡಬೇಕು. ಹೇಗೆ ಹುಡುಕೋದು? ಅಮ್ಮ ಹುಡುಕಿದ ಹಾಗೆ, ಮುಖ ನೋಡಿ.

ಅಲ್ಲಿಂದ ಪ್ರತಿ ‘ಯೂ’ಗೂ ನಾವಿಬ್ಬರೂ ಮಾತಾಡಿಕೊಂಡು ತೀರ್ಮಾನ ಮಾಡಿದೆವು. ಮೇಷ್ಟ್ರು ಹುಡುಗನಿಗೆ ನೀನು. ಹುಡುಗ ತಾಯಿಗೆ? ನಾನು ಅಮ್ಮನಿಗೆ ನೀನು ಅಂತೀನಿ, ಅಪ್ಪನಿಗೆ ನೀವು ಅಂತೀನಿ. ನಮ್ಮ ಕಡೆ ಸುಮಾರು ಮನೆಗಳಲ್ಲಿ ಹಾಗೇ. ಅಹ್ಮದನೂ ತಾಯಿಗೆ ನೀನು ಅನ್ನಲಿ ಅಂತ ಅಮ್ಮ ಹೇಳಿದಳು. ‘ಅಷ್ಟು ಸಲ ಕೇಳ್ತಾ ಇದಾನೆ ಪಾಪ, ನೀವು ಅಂದ್ರೆ ದೂರ ಆಗ್ಬಿಡುತ್ತೆ.’ ಅವನ ಸ್ವಂತ ಅಜ್ಜನಿಗೆ ಮಾತ್ರ ನೀವು. ಆ ಅಜ್ಜ ಹುಡುಗನನ್ನು ಸಿಗರೇಟು ತರೋಕೆ ಕಳಿಸುತ್ತಾನೆ. ಸಿಗರೇಟು ಅವನ ಹತ್ತಿರವೇ ಇದೆ. ಹುಡುಗನಿಗೆ ಹೇಳಿದ ಮಾತು ಕೇಳೋ ಅಭ್ಯಾಸ ಆಗಲಿ ಅಂತ ಕಳಿಸೋದು. ಚಿಕ್ಕವನಿದ್ದಾಗ ಅಪ್ಪ ವಾರಕ್ಕೊಂದು ಕಾಸು ಕೊಡುತ್ತಿದ್ದ, ಹದಿನೈದು ದಿನಕ್ಕೊಂದು ಸಲ ಹೊಡೆಯುತ್ತಿದ್ದ, ಕಾಸು ಕೊಡೋದನ್ನು ಮರೆತರೂ ಹೊಡೆಯೋದನ್ನು ಮರೆಯುತ್ತಿರಲಿಲ್ಲ ಅಂತ ಆ ಅಜ್ಜ ಪಕ್ಕದವನಿಗೆ ಹೇಳುತ್ತಾನೆ. ಇದನ್ನು ಹೇಳಿದಾಗ ಅಮ್ಮ ‘ನಮ್ಮಪ್ಪನೂ ಅಷ್ಟೆ’ ಅಂತ ಹೇಳಿ ಸುಮ್ಮನಾದಳು. ನನ್ನ ತಾತನ ಬಗ್ಗೆ ಅಮ್ಮ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಾಗಿಲು ಮಾಡುವ ಮುದುಕ ದಾರಿಯಲ್ಲಿ ಹುಡುಗನಿಗೆ ಒಂದು ಸಣ್ಣ ಹೂವು ಕೊಟ್ಟು, ನೋಟ್‌ಬುಕ್ಕಿನ ಒಳಗೆ ಇಟ್ಟುಕೋ ಅಂತಾನೆ. ಆ ಹೂವು ಆಮೇಲೆ ಎಲ್ಲಿ ಕಾಣುತ್ತದೆ ಅನ್ನೋದನ್ನು ಹೇಳಲ್ಲ. ಅದು ಕಂಡ ಕ್ಷಣಕ್ಕೆ ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು. ಊರಲ್ಲಿ ನಮ್ಮ ಮನೆಗೆ ಹಲಸಿನ ಮರದ ಬಾಗಿಲು ಇತ್ತು. ಹತ್ತು ವರ್ಷದ ಹಿಂದೆ ತೆಗೆಸಿ ಕಬ್ಬಿಣದ್ದು ಹಾಕಿಸಿದೆವು. ಆ ಮಾತು ಅವತ್ತು ರಾತ್ರಿ ಮಲಗುವವರೆಗೂ ನಡೆಯಿತು.

ಎರಡನೆಯದು ಯಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’, 1953ರದ್ದು. ಒನೊಮಿಚಿ ಅನ್ನೋ ಊರಲ್ಲಿರುವ ವಯಸ್ಸಾದ ಗಂಡ ಹೆಂಡತಿ, ಟೋಕಿಯೊದಲ್ಲಿರುವ ಮಕ್ಕಳನ್ನು ನೋಡೋಕೆ ಬರುತ್ತಾರೆ. ಮಕ್ಕಳಿಗೆ ಪುರುಸೊತ್ತಿಲ್ಲ. ಯುದ್ಧದಲ್ಲಿ ಸತ್ತ ಮಗನ ಹೆಂಡತಿ ನೊರಿಕೊ ಮಾತ್ರ ರಜೆ ಹಾಕಿ ಅವರಿಗೆ ಊರು ತೋರಿಸುತ್ತಾಳೆ. ಊರಿಂದ ಬಂದು ಮಗಳ ಮನೆಯಲ್ಲಿ ಕೂತಿರುವ ಅಮ್ಮನಿಗೆ ಈ ಸಿನಿಮಾ ತೋರಿಸಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದ್ದೆ. ಕೊನೆಗೆ ಹಾಕಿದೆ.

ಒಂದು ತೊಂದರೆ ಮೊದಲೇ ಹೇಳುತ್ತೇನೆ. ಮೊದಲ ಅರ್ಧ ಗಂಟೆ ಯಾರು ಯಾರ ಮಗ, ಯಾರು ಸೊಸೆ ಅನ್ನೋದು ಗೊಂದಲ. ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ವಂಶವೃಕ್ಷ ಬರೆದು ಅಮ್ಮನ ಮುಂದೆ ಇಟ್ಟೆ. ನೀವೂ ಹಾಗೇ ಮಾಡಿ. ಡಾಕ್ಟರ್ ಆಗಿರುವ ದೊಡ್ಡ ಮಗ ಕೊಯಿಚಿ, ಬ್ಯೂಟಿ ಪಾರ್ಲರ್ ನಡೆಸುವ ಮಗಳು ಶಿಗೆ, ಒಸಾಕಾದಲ್ಲಿರುವ ಕೈಜೊ, ಊರಲ್ಲೇ ಟೀಚರ್ ಆಗಿರುವ ಕೊನೇ ಮಗಳು ಕ್ಯೊಕೊ. ಇಲ್ಲೂ ಇಂಗ್ಲಿಷ್ ಸಬ್‌ಟೈಟಲ್‌ನ ಸಮಸ್ಯೆ. ಜಪಾನಿನಲ್ಲಿ ಅಣ್ಣನನ್ನು ಹೆಸರು ಹಿಡಿದು ಕರೆಯಲ್ಲ, ಅಣ್ಣ ಅಂತಲೇ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಹಾಗೆ ಹೇಳಿದರೆ ವಿಚಿತ್ರವಾಗಿ ಕೇಳುತ್ತದೆ ಅಂತ ಅಂಥ ಕಡೆ ಹೆಸರು ಹಾಕಿಬಿಡುತ್ತಾರೆ. ನಮಗೆ ಆ ಕಷ್ಟ ಏನಿದೆ? ಅಣ್ಣ ಅಂದರೆ ಆಯಿತು. ಕಿವಿಗೆ ‘ನೀಸಾನ್’ ಅಂತ ಬೀಳುತ್ತಿದ್ದ ಕಡೆ ನಾನು ಅಣ್ಣ ಅನ್ನುತ್ತಾ ಹೋದೆ. ಅರ್ಧ ಗೊಂದಲ ಅಲ್ಲೇ ಹೋಯಿತು.

ನೊರಿಕೊ ಅತ್ತೆ ಮಾವಂದಿರನ್ನು ಕರೆಯುವ ರೀತಿಗೆ ಬಂದಾಗ ಮಾತ್ರ ಕಷ್ಟ ಆಯಿತು. ಅವಳು ಅಮ್ಮ, ಅಪ್ಪ ಅನ್ನುವ ಪದಗಳನ್ನೇ ಮರ್ಯಾದೆ ಸೇರಿಸಿ ಹೇಳುತ್ತಾಳೆ. ನಮ್ಮಲ್ಲಿ ಸೊಸೆ ಅತ್ತೆ ಅಂತಾಳೆ, ಹಾಗಾಗಿ ಮೊದಲು ಅತ್ತೆ ಅಂತಲೇ ಹೇಳಿದೆ. ಆದರೆ ಒಂದು ರಾತ್ರಿ ಅತ್ತೆ ತೊಮಿ ನೊರಿಕೊಳ ಒಂದೇ ಕೋಣೆಯ ಮನೆಯಲ್ಲಿ ಉಳಿದುಕೊಳ್ಳುತ್ತಾಳೆ. ನೊರಿಕೊ ಅವಳ ಭುಜ ಒತ್ತುತ್ತಾಳೆ, ಹಾಸಿಗೆ ಹಾಸುತ್ತಾಳೆ. ಸತ್ತ ಮಗನ ಹಾಸಿಗೆ ಅದು. ಅಲ್ಲಿ ಅತ್ತೆ ಅನ್ನೋಕೆ ನನ್ನ ಬಾಯಿ ಬರಲಿಲ್ಲ. ‘ಅಮ್ಮ, ನೀವು ಮಲಗಿ’ ಅಂದೆ. ಅಮ್ಮ ಅಂತಲೂ ಕರೆದು ನೀವು ಅಂತಲೂ ಹೇಳೋದು. ಹತ್ತಿರವೂ ಇದೆ, ಮರ್ಯಾದೆಯೂ ಇದೆ. ನೊರಿಕೊ ಪಾತ್ರ ಮಾಡಿದ ಸೆತ್ಸುಕೊ ಹಾರಾ ಆ ಇಡೀ ಸಿನಿಮಾದಲ್ಲಿ ನಗುವ ನಗು ಇದೆಯಲ್ಲ, ಅದಕ್ಕೆ ಸರಿಯಾದ ಕನ್ನಡ ಇದೇ ಅನ್ನಿಸಿತು.

ಇನ್ನೊಂದು ದೃಶ್ಯ. ಶಿಗೆಯ ಪಾರ್ಲರ್‌ನಲ್ಲಿ ಗಿರಾಕಿ ಒಬ್ಬಳು, ಅವರು ಯಾರು ಅಂತ ಆ ವಯಸ್ಸಾದವರನ್ನು ನೋಡಿ ಕೇಳುತ್ತಾಳೆ. ಶಿಗೆ, ‘ಊರಿಂದ ಬಂದಿರೋ ಪರಿಚಯದವರು’ ಅಂತಾಳೆ. ಹೆತ್ತ ಅಪ್ಪ ಅಮ್ಮನನ್ನು. ನಾನು ಕನ್ನಡದಲ್ಲಿ ಅದನ್ನು ಸಣ್ಣ ದನಿಯಲ್ಲಿ ಹೇಳಿದೆ. ಅಮ್ಮನಿಗೆ ಕೇಳಿಸಲಿಲ್ಲ. ‘ಏನಂದ್ಲು? ಇನ್ನೊಂದ್ಸಲ ಹೇಳು’ ಅಂದಳು. ಇನ್ನೊಂದು ಸಲ ಹೇಳಬೇಕಾಯಿತು. ಒಬ್ಬಳೇ ಕೂತು ಈ ಸಿನಿಮಾವನ್ನು ಮೂರು ಸಲ ನೋಡಿದ್ದೆ, ಆ ಸಾಲು ಕಣ್ಣ ಮುಂದೆ ಬಂದು ಹೋಗಿತ್ತು ಅಷ್ಟೆ. ಬಾಯಿಬಿಟ್ಟು, ಪಕ್ಕದಲ್ಲಿ ಕೂತಿರುವ ಸ್ವಂತ ಅಮ್ಮನಿಗೆ ಹೇಳುವಾಗ ಗಂಟಲು ಕಟ್ಟಿತು.

ಅಮ್ಮ ಶಿಗೆಯನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ‘ಅವಳಿಗೂ ಅಂಗಡಿ ನಡೀಬೇಕಲ್ಲ’ ಅಂದಳು. ಆದರೆ ಕೊನೆಯ ಕಡೆ, ಸಾವಿನ ಮನೆಯಲ್ಲಿ ಊಟಕ್ಕೆ ಕೂತಾಗಲೇ ಶಿಗೆ ಅಮ್ಮನ ಬಟ್ಟೆ ತನಗೆ ಬೇಕು ಅಂತ ಕೇಳುತ್ತಾಳಲ್ಲ, ಅಲ್ಲಿ ಮಾತ್ರ ಅಮ್ಮ ‘ಥೂ’ ಅಂದಳು. ಓಜು ಕ್ಯಾಮೆರಾವನ್ನು ನೆಲಕ್ಕೆ ಹತ್ತಿರ, ಚಾಪೆ ಮೇಲೆ ಕೂತವರ ಕಣ್ಣಿನ ಎತ್ತರಕ್ಕೆ ಇಡುತ್ತಾರೆ ಅಂತ ಸಿನಿಮಾ ಪುಸ್ತಕಗಳಲ್ಲೆಲ್ಲ ಇದೆ. ಅಮ್ಮ ಸೋಫಾ ಬಿಟ್ಟು ಕೆಳಗೆ ಚಾಪೆ ಮೇಲೆ ಕೂತು ನೋಡಿದಳು. ನಾನೂ ಇಳಿದು ಕೂತೆ. ನೋಟ ನಿಜವಾಗಲೂ ಬೇರೆ. ಅವರ ಮನೆಯಲ್ಲೇ ಒಂದು ಮೂಲೆಯಲ್ಲಿ ಕೂತ ಹಾಗೆ ಇರುತ್ತದೆ.

ನಡುವೆ ಆ್ಯಪ್ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಹೆಸರು ಬೇಡ. ಸಿನಿಮಾಗಳ ಆಯ್ಕೆ ಚೆನ್ನಾಗಿದೆ, ಪ್ರಿಂಟ್ ಚೆನ್ನಾಗಿದೆ. ಆದರೆ ಎರಡು ಸಲ ಸಬ್‌ಟೈಟಲ್ ಮಾತಿಗಿಂತ ಹಿಂದೆ ಬಿತ್ತು. ಇನ್ನೊಂದು ಸಲ ಬಿಳಿ ಹಾಸಿಗೆ ಮೇಲೆ ಬಿಳಿ ಅಕ್ಷರ ಬಂದು ಏನೂ ಕಾಣಲಿಲ್ಲ. ಮೇಲ್ ಮಾಡಿದೆ, ನಾಲ್ಕು ದಿನ ಬಿಟ್ಟು ಲಾಗ್‌ಔಟ್ ಮಾಡಿ ಮತ್ತೆ ಲಾಗಿನ್ ಆಗಿ ಅಂತ ಉತ್ತರ ಬಂತು. ಮಾಡಿದ ಮೇಲೆ ಸರಿಹೋಯಿತು. ಓದಿ ಹೇಳುವವರಿಗೆ ಇಂಥದು ಜಾಸ್ತಿ ತೊಂದರೆ ಕೊಡುತ್ತದೆ. ಸಬ್‌ಟೈಟಲ್ ಅಂದರೆ ಸಾಮಾನ್ಯವಾಗಿ ಎರಡೇ ಸಾಲು, ಸಾಲಿಗೆ 40ರ ಆಸುಪಾಸು ಅಕ್ಷರ, ಕೆಲವು ಸೆಕೆಂಡು ಮಾತ್ರ ನಿಲ್ಲುತ್ತದೆ. ಅಷ್ಟರಲ್ಲಿ ಹಿಡಿಯಬೇಕು ಅಂತಲೇ ಮಾಡುವವರು ಮಾತನ್ನು ಕತ್ತರಿಸುತ್ತಾರೆ. ಅವರನ್ನು ಬೈಯೋಕೆ ಆಗಲ್ಲ. ಆದರೆ ಕತ್ತರಿಸುವಾಗ ಮೊದಲು ಹೋಗೋದೇ ಅಕ್ಕ, ಮಾವ, ಸ್ವಾಮಿ, ಕಣೇ, ರೀ ಇಂಥವು. ಯಾರು ಯಾರಿಗೆ ಏನಾಗಬೇಕು ಅನ್ನೋದೆಲ್ಲ ಇರೋದು ಅವುಗಳಲ್ಲೇ.

ಒಂದು ಸಿನಿಮಾ ನಮ್ಮಿಂದ ಆಗಲಿಲ್ಲ. ರಷ್ಯಾದ ನಿರ್ದೇಶಕ ಆಂದ್ರೇ ತರ್ಕೋವ್‌ಸ್ಕಿಯ ‘ಮಿರರ್’, 1975. ನನಗೆ ಪ್ರಾಣ ಅದು. ಆದರೆ ಅದರಲ್ಲಿ ಅವರ ತಂದೆ ಅರ್ಸೆನಿ ತರ್ಕೋವ್‌ಸ್ಕಿ ತಮ್ಮ ಕವಿತೆಗಳನ್ನು ತಾವೇ ಓದುತ್ತಾರೆ. ಕವಿತೆಯನ್ನು ಕೂತ ಕೂತಲ್ಲೇ ಕನ್ನಡ ಮಾಡೋಕೆ ಹೋಗಿ ಕವಿತೆ, ಸಿನಿಮಾ ಎರಡನ್ನೂ ಕೆಡಿಸಿದೆ. ಅರ್ಧ ಗಂಟೆಗೆ ನಿಲ್ಲಿಸಿದೆವು. ಸೂರಿನಿಂದ ನೀರು ತೊಟ್ಟಿಕ್ಕುತ್ತಿರುವಾಗ ಆಚೆ ಕೊಟ್ಟಿಗೆ ಹೊತ್ತಿ ಉರಿಯುವ ದೃಶ್ಯ ಮಾತ್ರ ಅಮ್ಮನಿಗೆ ಹಿಡಿಸಿತು. ಅದನ್ನು ಎರಡು ಸಲ ಹಾಕಿಸಿಕೊಂಡಳು. ಅಲ್ಲಿ ನಾನು ಹೇಳಬೇಕಾದದ್ದು ಏನೂ ಇರಲಿಲ್ಲ.

ಕೊನೆಯದು ‘ಜಾನ್ ಡೀಲ್ಮನ್’. ಬೆಲ್ಜಿಯಂನ ಶಾಂತಾಲ್ ಅಕರ್ಮಾನ್ 1975ರಲ್ಲಿ ಮಾಡಿದ್ದು, ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. 201 ನಿಮಿಷ. ಬ್ರಸೆಲ್ಸ್‌ನಲ್ಲಿ ಮಗನ ಜೊತೆ ಇರುವ ಒಬ್ಬ ವಿಧವೆಯ ಮೂರು ದಿನ. ಅಡುಗೆ, ಪಾತ್ರೆ, ಹಾಸಿಗೆ, ಮಗನ ಶೂ ಪಾಲಿಶ್. ಮಧ್ಯಾಹ್ನ ದಿನಕ್ಕೊಬ್ಬ ಗಂಡಸು ಬಂದು ದುಡ್ಡು ಕೊಟ್ಟು ಹೋಗುತ್ತಾನೆ. ಆ ದುಡ್ಡನ್ನು ಊಟದ ಮೇಜಿನ ಮೇಲಿರುವ ಮುಚ್ಚಳದ ಪಿಂಗಾಣಿ ಪಾತ್ರೆಯಲ್ಲಿ ಹಾಕಿಡುತ್ತಾಳೆ. 2022ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರನ್ನು ಕೇಳಿ ಮಾಡಿದ ಪಟ್ಟಿಯಲ್ಲಿ ಇದೇ ಮೊದಲನೇ ಸ್ಥಾನಕ್ಕೆ ಬಂದದ್ದು. ಆ ಗಂಡಸರ ವಿಷಯ ಅಮ್ಮನಿಗೆ ಮೊದಲೇ ಹೇಳಿದ್ದೆ. ‘ಗಂಡ ಇಲ್ಲ, ಮಗನ್ನ ಓದಿಸ್ಬೇಕು, ಇನ್ನೇನ್ ಮಾಡ್ತಾಳೆ’ ಅಂದಳು ಅಷ್ಟೆ. ಹಿರಿಯರ ಜೊತೆ ನೋಡುವವರು ಮೊದಲೇ ಹೇಳಿಬಿಡಿ. ಕೊನೆಯಲ್ಲಿ ಆಗೋದನ್ನು ಮಾತ್ರ ಹೇಳಬೇಡಿ.

ಅವರೆಕಾಯಿ ಕಾಲ. ಅಮ್ಮ ಮಡಿಲಲ್ಲಿ ಬೇಸಿನ್ ಇಟ್ಟುಕೊಂಡು, ನೆನೆಸಿದ ಕಾಳನ್ನು ಒಂದೊಂದಾಗಿ ಹಿಚುಕಿ ಸಿಪ್ಪೆ ತೆಗೆಯುತ್ತಾ ಕೂತಿದ್ದಳು. ಪರದೆ ಮೇಲೆ ಜಾನ್ ಪಾತ್ರ ಮಾಡಿದ ಡೆಲ್ಫಿನ್ ಸೇರಿಗ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕೂತಿದ್ದಾರೆ. ಮಾತೇ ಇಲ್ಲ. ಹತ್ತು ನಿಮಿಷ ಕಳೆದರೂ ನನಗೆ ಓದೋಕೆ ಏನೂ ಇಲ್ಲ. ಬೆರಳಿನ ನಡುವೆ ಅವರೆಕಾಳು ಚುಳಕ್ ಅಂತ ಜಾರಿ ಬೇಸಿನ್ನಿಗೆ ಬೀಳುವ ಸದ್ದು, ಆ ಕಡೆ ಚಾಕು ಆಡುವ ಸದ್ದು. ಈ ಸಲ ಕೆಲಸ ತಿರುಗುಮುರುಗಾಯಿತು. ಓದಿ ಹೇಳುವವಳು ಅಮ್ಮ, ಕೇಳುವವಳು ನಾನು.

ಎರಡನೇ ದಿನ ಜಾನ್ ಆ ಪಿಂಗಾಣಿ ಪಾತ್ರೆಗೆ ದುಡ್ಡು ಹಾಕಿ ಹೋಗುತ್ತಾಳೆ. ‘ಮುಚ್ಚಳ ಹಾಕ್ಲಿಲ್ಲ’ ಅಂದಳು ಅಮ್ಮ. ನಾನು ನೋಡಿಯೇ ಇರಲಿಲ್ಲ. ಹಿಂದಕ್ಕೆ ಓಡಿಸಿ ನೋಡಿದೆ, ನಿಜ, ಮುಚ್ಚಿಲ್ಲ. ಅಲ್ಲಿಂದ ಅವಳ ದಿನ ಕೆಡುತ್ತಾ ಹೋಗುತ್ತದೆ. ಆಲೂಗಡ್ಡೆ ಜಾಸ್ತಿ ಬೆಂದು ಹೋಗುತ್ತದೆ. ಆ ಪಾತ್ರೆ ಹಿಡಿದುಕೊಂಡು ಎಲ್ಲಿ ಚೆಲ್ಲಬೇಕು ಅಂತ ಗೊತ್ತಾಗದೆ ಮನೆಯೊಳಗೇ ಅತ್ತಿತ್ತ ಹೋಗುತ್ತಾಳೆ. ಅಮ್ಮನ ಕೈ ನಿಂತಿತ್ತು. ‘ಏನೋ ಆಗಿದೆ ಕಣೇ ಅವಳಿಗೆ. ಇಂಥವಳು ಪಾತ್ರೆ ಹಿಡ್ಕೊಂಡು ಹಂಗೆ ನಿಂತ್ಕೊಳಲ್ಲ.’ ಮೂರನೇ ದಿನ ಕಾಫಿ ಸರಿ ಬರಲ್ಲ, ಚೆಲ್ಲಿ ಮತ್ತೆ ಮಾಡುತ್ತಾಳೆ. ಅಮ್ಮ ಎದ್ದು ಹೋಗಿ ನಮ್ಮಿಬ್ಬರಿಗೂ ಕಾಫಿ ಮಾಡಿಕೊಂಡು ಬಂದಳು, ಸಿನಿಮಾ ನಿಲ್ಲಿಸೋಕೆ ಬಿಡಲಿಲ್ಲ, ಅಡುಗೆಮನೆ ಬಾಗಿಲಿಂದಲೇ ನೋಡುತ್ತಿದ್ದಳು. ಈ ಸಿನಿಮಾ ನಿಧಾನ, ಬೋರು ಅನ್ನುವವರು ಬಹಳ ಜನ ಇದ್ದಾರೆ. ನಲವತ್ತು ವರ್ಷ ಅಡುಗೆಮನೆಯಲ್ಲಿ ನಿಂತವರ ಪಕ್ಕ ಕೂತು ನೋಡಿ. ಥ್ರಿಲ್ಲರ್ ನೋಡಿದ ಹಾಗೆ ಇರುತ್ತದೆ. ನಾವು ಎರಡು ರಾತ್ರಿ ಮಾಡಿ ಮುಗಿಸಿದೆವು. ಮುಗಿದಾಗ ಹನ್ನೊಂದೂವರೆ. ಅಮ್ಮ ಏನೂ ಹೇಳದೆ ಸ್ವಲ್ಪ ಹೊತ್ತು ಕೂತು, ಎದ್ದು ಹೋಗಿ ಗ್ಯಾಸ್ ಆರಿಸಿದೆಯಾ ಅಂತ ನೋಡಿ ಬಂದಳು.

ಇದೆಲ್ಲ ಆದಮೇಲೆ ನಮ್ಮ ‘ಘಟಶ್ರಾದ್ಧ’ ನೆನಪಾಯಿತು. ಗಿರೀಶ ಕಾಸರವಳ್ಳಿ ಅವರ ಮೊದಲ ಚಿತ್ರ, 1977ರದ್ದು. ಅದನ್ನು ಪುನರುಜ್ಜೀವನ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದರಲ್ಲಿ ಪುಟ್ಟ ಹುಡುಗ ನಾಣಿ ‘ಯಮುನಕ್ಕ’ ಅಂತ ಕರೆಯುವಾಗ ಆ ‘ಅಕ್ಕ’ದಲ್ಲೇ ಇಡೀ ಸಿನಿಮಾ ಇದೆ. ಊರೆಲ್ಲ ಅವಳ ಕೈ ಬಿಟ್ಟಾಗ ಅವಳಿಗೆ ಉಳಿಯುವ ನಂಟು ಅದೊಂದೇ. ವೆನಿಸ್‌ನಲ್ಲಿ ಕೂತು ನೋಡಿದ ಇಟಲಿಯವರಿಗೆ ಆ ಅಕ್ಕ ಹೇಗೆ ತಲುಪಿರಬಹುದು? ಪಕ್ಕದಲ್ಲಿ ಒಬ್ಬ ಕನ್ನಡದವರು ಕೂತು ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು.

ಯಾವುದರಿಂದ ಶುರು ಮಾಡೋದು ಅಂತ ಕೇಳಿದರೆ ನಾನು ಕಿಯರೊಸ್ತಮಿ ಅಂತೀನಿ. ಹಿರಿಯರು, ಮಕ್ಕಳು ಎಲ್ಲರ ಜೊತೆ ನೋಡಬಹುದು. ಓಜುವನ್ನು ಅವಸರ ಇಲ್ಲದ ಭಾನುವಾರ ನೋಡಿ. ಅಕರ್ಮಾನ್ ಆಮೇಲೆ. ಒಬ್ಬರೇ ಒಂದು ಸಲ ಮುಂಚೆ ನೋಡಿಕೊಂಡಿರಿ, ಇಲ್ಲದಿದ್ದರೆ ಓದಿ ಹೇಳುವಾಗ ಪರದೆ ನೋಡೋಕೆ ಆಗಲ್ಲ.

ಅಮ್ಮ ಸಂಕ್ರಾಂತಿಗೆ ಊರಿಗೆ ಹೋದಳು. ಹೋಗುವ ಹಿಂದಿನ ದಿನ ಅವಳಿಗೆ ಒಂದು ವಿಷಯ ಹೇಳಿದ್ದೆ. 1990ರ ಜೂನ್‌ನಲ್ಲಿ ಕೋಕರ್ ಇರುವ ಆ ಪ್ರದೇಶದಲ್ಲಿ ದೊಡ್ಡ ಭೂಕಂಪ ಆಯಿತು, ಹತ್ತಾರು ಸಾವಿರ ಜನ ಸತ್ತರು, ನೋಟ್‌ಬುಕ್ ಸಿನಿಮಾದಲ್ಲಿ ಇದ್ದ ಹುಡುಗರು ಬದುಕಿದ್ದಾರೋ ಇಲ್ಲವೋ ಅಂತ ಕಿಯರೊಸ್ತಮಿ ಮಗನನ್ನು ಕಾರಲ್ಲಿ ಕೂರಿಸಿಕೊಂಡು ಹುಡುಕಿಕೊಂಡು ಹೋದರು, ಅದನ್ನೇ ಇಟ್ಟುಕೊಂಡು 1992ರಲ್ಲಿ ಇನ್ನೊಂದು ಸಿನಿಮಾ ಮಾಡಿದರು ಅಂತ. ಅಮ್ಮ ಆಗ ಏನೂ ಕೇಳಲಿಲ್ಲ.

ಮೊನ್ನೆ ಫೋನ್ ಮಾಡಿದ್ದಳು. ರಾಗಿ, ಮಳೆ, ಚಿಕ್ಕಪ್ಪನ ಮಂಡಿನೋವು ಎಲ್ಲ ಆದಮೇಲೆ, ಇಡುವ ಹೊತ್ತಿಗೆ ಕೇಳಿದಳು. ‘ಆ ಎರಡನೇದು ನೋಡ್ದಾ ನೀನು?’

ಇಲ್ಲ ಅಂದೆ.

‘ನೋಡ್ಬೇಡ. ಯುಗಾದಿಗೆ ಬರ್ತೀನಿ. ಆ ಹುಡುಗ ಸಿಕ್ಕಿದ್ನಾ ಇಲ್ವಾ ಅಂತ ಈಗ್ಲೇ ಹೇಳ್ಬೇಡ.’